ಗೊತ್ತಿದ್ದೇ ಕೊಂಡ ನಕಲಿ

ನಕಲಿ ವಾಚು ಮಾರುವವರು ಈಗ ಅದನ್ನು ಅಸಲಿ ಎಂದು ನಂಬಿಸುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ. ‘ಫಸ್ಟ್ ಕಾಪಿ’, ‘ಮಾಸ್ಟರ್ ಕಾಪಿ’, ‘7ಎ ಕ್ವಾಲಿಟಿ’ ಎಂದು ದರ್ಜೆ ಕಟ್ಟಿಯೇ ಇನ್‌ಸ್ಟಾಗ್ರಾಮಿನಲ್ಲಿ ರೋಲೆಕ್ಸ್, ಒಮೆಗಾಗಳನ್ನು ಹರವಿಡುತ್ತಾರೆ. ಲಕ್ಷಗಟ್ಟಲೆ ಬೆಲೆಯ ವಾಚು ಕೆಲವೇ ಸಾವಿರಕ್ಕೆ. ‘ಮೋಸ ಹೋಗಬೇಡಿ’ ಎಂದು ಕೊಳ್ಳುವವನಿಗೆ ಹೇಳಿ ನೋಡಿ, ‘ಮೋಸ ಎಲ್ಲಿಂದ ಬಂತು, ನಕಲಿ ಅಂತ ಗೊತ್ತಿದ್ದೇ ತಗೊಳ್ತಿದೀನಲ್ಲ’ ಎನ್ನುತ್ತಾನೆ. ನನ್ನ ತಕರಾರು ಈ ಧೈರ್ಯದ ಮೇಲೆಯೇ.

ಗೊತ್ತಿದ್ದು ಕೊಂಡವನು ಹಣದ ಜೊತೆ ದೂರುವ ಬಾಯನ್ನೂ ಕೊಟ್ಟುಬಿಟ್ಟಿರುತ್ತಾನೆ. ಯುಪಿಐನಲ್ಲಿ ಪೂರ್ತಿ ಹಣ ಹೋದ ಮೇಲೆ ಮಾರುವವನ ಖಾತೆಯೇ ಮಾಯವಾಗಬಹುದು. ಪೊಟ್ಟಣ ಬಿಚ್ಚಿದರೆ ಬೇರೆಯೇ ವಾಚು ಇರಬಹುದು. ಕೈ ತೊಳೆದಷ್ಟಕ್ಕೇ ಗಾಜಿನೊಳಗೆ ಹಬೆ ಕಟ್ಟಬಹುದು. ಬಿಲ್ಲಿಲ್ಲ, ವಾರಂಟಿ ಕಾರ್ಡು ಇದ್ದರೂ ಅದೂ ನಕಲಿ. ಕಳ್ಳನಿಗೆ ಚೇಳು ಕುಟುಕಿದ ಹಾಗೆ ಸುಮ್ಮನಿರಬೇಕು. ಮಾರುವವನ ವ್ಯಾಪಾರ ನಿಂತಿರುವುದು ಗಿರಾಕಿಯ ಈ ಮೌನದ ಮೇಲೆ.

ಕಾನೂನೂ ಇಲ್ಲಿ ಹೆಚ್ಚು ಆಸರೆಯಾಗದು. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ ಪ್ರಕಾರ ನಕಲಿ ಗುರುತಿನ ಮಾಲು ಮಾರಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಸ್ವಂತಕ್ಕೆ ಕೊಂಡವನನ್ನು ಅದು ಶಿಕ್ಷಿಸುವುದಿಲ್ಲ, ನಿಜ. ಆದರೆ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿಕೊಂಡ ಕರಾರು ಅನೂರ್ಜಿತ ಎಂದು 1872ರ ಕರಾರು ಕಾಯಿದೆ ಹೇಳುತ್ತದೆ. ‘ಒಳ್ಳೆಯ ನಕಲಿ ಕೊಡುತ್ತೇನೆಂದು ಕೆಟ್ಟ ನಕಲಿ ಕೊಟ್ಟ’ ಎಂದು ಯಾವ ಮುಖ ಹೊತ್ತು ಕೋರ್ಟಿಗೆ ಹೋಗುವುದು? ಇಟಲಿಯಲ್ಲಂತೂ ಕೊಂಡವನಿಗೂ 7,000 ಯೂರೋವರೆಗೆ ದಂಡ ಬೀಳಬಹುದು. ಪ್ರವಾಸಕ್ಕೆ ಹೋದ ನಮ್ಮವರು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಕೆಲವರು ಸೆಕೆಂಡ್ ಹ್ಯಾಂಡ್ ಅಸಲಿ ವಾಚನ್ನೇ ಹುಡುಕುವವರು. ಫೋಟೋ ನೋಡಿದರೆ ಸಾಕು, ಗೊತ್ತಾಗುತ್ತದೆ ಎಂಬ ನಂಬಿಕೆ ಇವರದು. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯ ವಸ್ತುಸಂಗ್ರಹಾಲಯ! 2023ರಲ್ಲಿ ಗುಟ್ಟು ರಟ್ಟಾಯಿತು: ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕೂಡಿಸಿದ ವಾಚು ಅದು, ಮಾಜಿ ನೌಕರರದೇ ಕೈವಾಡ ಎಂದು ಕಂಪನಿಯೇ ಹೇಳಿತು. ತಯಾರಿಸಿದವರೇ ಕೈಯಲ್ಲಿ ಹಿಡಿದು ನೋಡಿ ಬೇಸ್ತುಬಿದ್ದ ಮೇಲೆ ಮೊಬೈಲ್ ಪರದೆಯ ಮೇಲಿನ ನಾಲ್ಕು ಚಿತ್ರಗಳಿಂದ ನಮಗೇನು ತಿಳಿದೀತು?

ದುಬಾರಿ ವಾಚಿಗಷ್ಟೇ ಈ ಪಾಡು ಎಂದುಕೊಳ್ಳಬೇಡಿ. 1961ರಿಂದ ಬೆಂಗಳೂರಿನಲ್ಲಿ ವಾಚು ಮಾಡಿದ ಎಚ್‌ಎಂಟಿಯ ಹಳೆಯ ಪೈಲಟ್, ಜನತಾಗಳ ಡಯಲಿಗೆ ಹೊಸ ಬಣ್ಣ ಬಳಿದು, ಕಾರ್ಖಾನೆ ಎಂದೂ ಮಾಡದ ಮಾದರಿಗಳನ್ನು ಆನ್‌ಲೈನಿನಲ್ಲಿ ‘ಅಪರೂಪದ್ದು’ ಎಂದು ಮಾರುತ್ತಾರೆ.

ದೊಡ್ಡ ಕಂಪನಿ ಹೆಸರಿಗೇ ಅಷ್ಟು ಬೆಲೆ ಕಟ್ಟುತ್ತದೆ, ಅದಕ್ಕೇನು ನಷ್ಟ ಎಂಬ ವಾದವೂ ಇದೆ. ಬೆಲೆಯ ದೊಡ್ಡ ಪಾಲು ಹೆಸರಿನದು ಎಂಬುದನ್ನು ನಾನೂ ಒಪ್ಪುತ್ತೇನೆ. ಕಂಪನಿಯ ಮೇಲೆ ನನಗೇನೂ ಕನಿಕರವಿಲ್ಲ. ಆದರೆ ಹೆಸರಿಗೆ ಹಣ ಕೊಡುವುದು ದಡ್ಡತನ ಎನ್ನುವವನು, ಅದೇ ಹೆಸರಿರುವ ಡಯಲಿಗಾಗಿ ಐದು ಸಾವಿರ ತೆರುತ್ತಾನಲ್ಲ! ಆ ದುಡ್ಡಿಗೆ ಬಿಲ್ಲು, ವಾರಂಟಿ ಸಮೇತ ಟೈಟನ್ ಬರುತ್ತದೆ.

ಈಗಾಗಲೇ ಹಣ ಕಳಿಸಿ ಕೈಸುಟ್ಟುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಾಗಬೇಡಿ. ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.