ಜೀವಕೋಶದಲ್ಲಿ ಶಕ್ತಿಯೂ ಸಂಯಮವೂ

ಶಕ್ತಿಯನ್ನು ಕೊಂಡಾಡುವುದು ಲೋಕರೂಢಿ. ಆದರೆ ಅಂಕೆಯಿಲ್ಲದ ಶಕ್ತಿಯು ಅನರ್ಥಕ್ಕೆ ಮೂಲವೆಂಬುದಕ್ಕೆ ಮಾನವದೇಹದ ಜೀವಕೋಶವೇ ಸಾಕ್ಷಿ.

ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳು ಎ.ಟಿ.ಪಿ.ಯಿಂದ ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಜೋಡಿಸುತ್ತವೆ. ಅಷ್ಟರಿಂದಲೇ ಆ ಪ್ರೋಟೀನಿನ ನಡತೆ ಮಾರ್ಪಡುತ್ತದೆ. 1950ರ ದಶಕದಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಸ್ನಾಯುವಿನಲ್ಲಿ ಈ ಕ್ರಿಯೆಯನ್ನು ಕಂಡುಹಿಡಿದು, 1992ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಮಾನವನಲ್ಲಿ ಇಂತಹ ಕಿಣ್ವಗಳು 500ಕ್ಕೂ ಮಿಕ್ಕಿವೆ.

ಕೈನೇಸನ್ನು ದೀಪದ ಸ್ವಿಚ್ಚಿಗೆ ಹೋಲಿಸುವುದುಂಟು. ಈ ಹೋಲಿಕೆ ಅರ್ಧಸತ್ಯ ಮಾತ್ರ. ಪ್ರೋಟೀನ್ ಕೈನೇಸ್-ಎ ಎಂಬುದನ್ನೇ ನೋಡಬಹುದು. ಅದರ ಎರಡು ಕ್ರಿಯಾಘಟಕಗಳನ್ನು ಎರಡು ನಿಯಂತ್ರಕ ಘಟಕಗಳು ಬಿಗಿಹಿಡಿದಿರುತ್ತವೆ. ಅಡ್ರಿನಲಿನ್ನಿನ ಕರೆ ಬಂದಾಗ ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಹೆಚ್ಚಿ, ನಿಯಂತ್ರಕಗಳನ್ನು ಸೇರಿ, ಆ ಹಿಡಿತವನ್ನು ಸಡಿಲಿಸುತ್ತದೆ. ಆಗಲೇ ಕಿಣ್ವವು ಕಾರ್ಯಪ್ರವೃತ್ತವಾಗುವುದು.

ಅದು ತನ್ನ ಗುರಿಯನ್ನು ಅರಿಯುವ ಬಗೆ ಹೇಗೆ? ಶಾಸ್ತ್ರಕಾರರು ವಾಕ್ಯಾರ್ಥಕ್ಕೆ ಯೋಗ್ಯತೆಯೂ ಸನ್ನಿಧಿಯೂ ಬೇಕೆಂದರು. ‘ಬೆಂಕಿಯಿಂದ ಗಿಡವನ್ನು ನೆನೆಸು’ ಎಂಬಲ್ಲಿ ಯೋಗ್ಯತೆಯಿಲ್ಲ. ಒಂದು ಪದವನ್ನು ಈಗ, ಇನ್ನೊಂದನ್ನು ಸಂಜೆಗೆ ನುಡಿದರೆ ಸನ್ನಿಧಿಯಿಲ್ಲ. ಕೋಶದ ವ್ಯವಹಾರವೂ ಹೀಗೆಯೇ. ಈ ಕಿಣ್ವವು ಸಾಮಾನ್ಯವಾಗಿ ಆರ್ಜಿನೀನ್‌ಗಳ ಬಳಿಯಿರುವ ಸೀರೀನನ್ನೋ ಥ್ರಿಯೊನೀನನ್ನೋ ಆರಿಸುತ್ತದೆ, ಇದು ಯೋಗ್ಯತೆ. ಅಂತಹ ತಾಣಗಳು ಅನೇಕ ಪ್ರೋಟೀನುಗಳಲ್ಲಿರುವುದರಿಂದ, ‘ಅಕಾಪ್’ ಎಂಬ ಲಂಗರು ಪ್ರೋಟೀನುಗಳು ಕೈನೇಸನ್ನು ತಕ್ಕ ಗುರಿಯ ಸಮೀಪದಲ್ಲಿಯೇ ನಿಲ್ಲಿಸುತ್ತವೆ, ಇದು ಸನ್ನಿಧಿ.

ಅಂಕೆ ತಪ್ಪಿದಾಗಿನ ದುರಂತವು ಘೋರವಾದುದು. 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾದಾಗ ಏಬಲ್ ಎಂಬ ಕೈನೇಸ್ ತನ್ನ ಕಡಿವಾಣವನ್ನು ಕಳೆದುಕೊಂಡು ಸದಾ ದುಡಿಯತೊಡಗುತ್ತದೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಉಂಟಾಗುತ್ತದೆ. 2001ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಇಮ್ಯಾಟಿನಿಬ್ ಔಷಧವು ಎ.ಟಿ.ಪಿ. ಕೂಡುವ ಸ್ಥಳವನ್ನೇ ಆಕ್ರಮಿಸಿ ಆ ಕಿಣ್ವವನ್ನು ನಿಷ್ಕ್ರಿಯ ಸ್ಥಿತಿಯಲ್ಲಿ ತಡೆಹಿಡಿಯುತ್ತದೆ. ಹಿಂದೆ ಕೆಲವೇ ವರ್ಷಗಳಲ್ಲಿ ಪ್ರಾಣಹರವಾಗುತ್ತಿದ್ದ ಈ ವ್ಯಾಧಿಯಿದ್ದರೂ ಅನೇಕರು ಇಂದು ದೀರ್ಘಕಾಲ ಬಾಳುತ್ತಿದ್ದಾರೆ. ಕಳೆದುಹೋದ ಸಂಯಮವನ್ನು ಮರಳಿ ಕೊಡುವುದೂ ಚಿಕಿತ್ಸೆಯೇ ಎಂಬುದು ಇದರಿಂದ ಸಿದ್ಧವಾಯಿತು.

ಆದಕಾರಣ ಈ ವಿಷಯವನ್ನು ಅಭ್ಯಸಿಸುವ ವಿದ್ಯಾರ್ಥಿಯು ಕಿಣ್ವವು ಏನು ಮಾಡುತ್ತದೆಂಬುದನ್ನು ಕಂಠಪಾಠ ಮಾಡಿ ತೃಪ್ತನಾಗಬಾರದು. ಅದನ್ನು ಹಿಡಿದಿರುವುದು ಯಾವುದು, ಬಿಡುವುದು ಯಾವಾಗ, ನಿಲ್ಲಿಸಿರುವುದು ಎಲ್ಲಿ ಎಂದು ಪ್ರಶ್ನಿಸಬೇಕು. ಬೋಧಕರೂ ಪಾಠವನ್ನು ಆ ಪ್ರಶ್ನೆಗಳಿಂದಲೇ ಆರಂಭಿಸುವುದು ಯುಕ್ತ. ಕ್ರಿಯೆಯಷ್ಟನ್ನೇ ಅರಿತವನಿಗೆ ಕೋಶದ ಕಸುವು ತಿಳಿದೀತು. ಅದರ ಆರೋಗ್ಯವು ತಿಳಿಯಬೇಕಾದರೆ ಅಂಕೆಯನ್ನೂ ಅರಿಯಬೇಕು.