ಭಟ್ಟರೇ, ಮಾತು ಸಾಕು, ಕಥೆ ಹೇಳಿ

ಯೋಗರಾಜ ಭಟ್ಟರ ಸಿನಿಮಾ ಬಗ್ಗೆ ಮಾತೆತ್ತಿದರೆ ನಮ್ಮಲ್ಲಿ ಎರಡೇ ಗುಂಪು. ಒಂದು, 'ಮುಂಗಾರು ಮಳೆ'ಯಲ್ಲಿ ನೆನೆದವರು ಇವತ್ತಿಗೂ ತಲೆ ಒರೆಸಿಕೊಂಡಿಲ್ಲ. ಇನ್ನೊಂದು, ಭಟ್ಟರ ಹೆಸರು ಕೇಳಿದರೆ ಸಾಕು, 'ಅದೇ ಉಡಾಫೆ, ಅದೇ ಬುರುಡೆ' ಎಂದು ಎದ್ದು ಹೋಗುವವರು. ನಾನು ಎರಡೂ ಗುಂಪಿನವನಲ್ಲ. ಅವರ ಹೆಚ್ಚುಕಡಿಮೆ ಎಲ್ಲ ಸಿನಿಮಾಗಳನ್ನೂ ದುಡ್ಡು ಕೊಟ್ಟು ನೋಡಿದ್ದೇನೆ. ಆ ಹಕ್ಕಿನಿಂದಲೇ ಈ ಜಗಳ.

ಮೊದಲು ಕೊಡಬೇಕಾದ್ದನ್ನು ಕೊಟ್ಟುಬಿಡೋಣ. 2003ರ 'ಮಣಿ', 2004ರ 'ರಂಗ ಎಸ್ಸೆಸ್ಸೆಲ್ಸಿ' ಬಂದು ಹೋದಾಗ ಭಟ್ಟರನ್ನು ಗುರುತಿಟ್ಟುಕೊಂಡವರು ಕಡಿಮೆ. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂತು. ಮಚ್ಚು ಲಾಂಗು ಮತ್ತು ರೀಮೇಕುಗಳ ನಡುವೆ ಸಿಕ್ಕಿಕೊಂಡಿದ್ದ ಗಾಂಧಿನಗರದ ಲೆಕ್ಕವೇ ತಲೆಕೆಳಗಾಯಿತು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಕನ್ನಡ ಸಿನಿಮಾ ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಹಾಡು, ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಜೋಗ, ಸಕಲೇಶಪುರದ ಮಳೆ. ಇದೆಲ್ಲ ಸರಿ. ಆದರೆ ಆ ಸಿನಿಮಾ ನಿಂತಿದ್ದು ಇವುಗಳಿಂದಲ್ಲ. ಬಾಯಿ ಮುಚ್ಚದ ಹುಡುಗನೊಬ್ಬ ಕೊನೆಗೆ ತಾನು ಹೇಳಲೇಬೇಕಾದ ಒಂದು ಮಾತನ್ನು ನುಂಗಿಕೊಂಡು ವಾಪಸು ಹೋಗುತ್ತಾನಲ್ಲ, ಅದರಿಂದ. ಅಷ್ಟು ಹೊತ್ತು ಅವನು ಆಡಿದ ಮಾತಿಗೆಲ್ಲ ಅಲ್ಲಿ ಬೆಲೆ ಕಟ್ಟಲಾಗುತ್ತದೆ. ದೇವದಾಸ ಎಂಬ ಮೊಲ ಸತ್ತಾಗ ಥಿಯೇಟರಿನಲ್ಲಿ ಜನ ಮೂಗು ಒರೆಸಿಕೊಂಡದ್ದು ಮೊಲಕ್ಕಾಗಿ ಅಲ್ಲ.

2008ರ 'ಗಾಳಿಪಟ'ದಲ್ಲೂ ಹೀಗೇ. ಗೆಳೆಯರು ಮೂವರು ಮುಗಿಲುಪೇಟೆಗೆ ಬಂದು ಎಷ್ಟೇ ಹರಟಿದರೂ, ಆ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳಿದ್ದಾಳೆ, ಅನಂತನಾಗ್ ಎಂಬ ಮಾವನಿದ್ದಾರೆ. ಅವರ ಮೌನಕ್ಕೆ ಈ ಹರಟೆ ಡಿಕ್ಕಿ ಹೊಡೆಯಲೇಬೇಕು. 2009ರ 'ಮನಸಾರೆ'ಯಲ್ಲಿ ತಪ್ಪಾಗಿ ಹುಚ್ಚಾಸ್ಪತ್ರೆ ಸೇರಿದ ಮನೋಹರನ ಮಾತಿಗೆ ದೇವಿಕಾ ಸುಲಭಕ್ಕೆ ಕರಗುವುದಿಲ್ಲ. ಅವಳಿಗೆ ಗಂಡಸರನ್ನೇ ನಂಬಲಾಗದು. ನನ್ನ ಪ್ರಕಾರ ಅದೇ ಭಟ್ಟರ ಅತ್ಯುತ್ತಮ ಸಿನಿಮಾ. ಇಲ್ಲಿಂದ ನಾನು ಕಂಡುಕೊಂಡ ಸೂತ್ರ ಇಷ್ಟು: ಹೀರೋನ ಮಾತಿಗೆ ನಗದ ಒಬ್ಬರಾದರೂ ಒಳಗಿದ್ದರೆ ಭಟ್ಟರ ಸಿನಿಮಾ ಗೆಲ್ಲುತ್ತದೆ. ಎಲ್ಲರೂ ನಗತೊಡಗಿದರೆ ಸೋಲುತ್ತದೆ.

ತೆರೆಯ ಹೊರಗೂ ಇದು ನಿಜ ಅನಿಸುತ್ತದೆ. 'ಮುಂಗಾರು ಮಳೆ'ಯ ಬರವಣಿಗೆಯಲ್ಲಿ ಪ್ರೀತಂ ಗುಬ್ಬಿ ಇದ್ದರು. 'ಮನಸಾರೆ', 'ಪಂಚರಂಗಿ'ಗಳಲ್ಲಿ ಪವನ್ ಕುಮಾರ್ ಇದ್ದರು. ಪಕ್ಕದಲ್ಲಿ ಕೂತು 'ಇದು ಬೇಡ ಸಾರ್' ಎನ್ನಬಲ್ಲವರು ಇದ್ದಾಗ ಭಟ್ಟರ ಕಥೆಗೆ ಬೆನ್ನುಮೂಳೆ ಇತ್ತು. ಆಮೇಲೆ ಗುಬ್ಬಿ ತಮ್ಮ ಸಿನಿಮಾಗಳ ಕಡೆ ಹೋದರು, ಪವನ್ 'ಲೈಫು ಇಷ್ಟೇನೆ' ಮಾಡಿ, 2013ರಲ್ಲಿ 'ಲೂಸಿಯಾ' ಮಾಡಿದರು. ಅವರು ಹೋದದ್ದು ತಪ್ಪಲ್ಲ. ಆ ಕುರ್ಚಿಯಲ್ಲಿ ಅವರಂಥ ಮತ್ತೊಬ್ಬರು ಕೂತಂತೆ ಕಾಣುವುದಿಲ್ಲವಲ್ಲ, ತಕರಾರು ಅದು.

ತಿರುವು ಸಿಕ್ಕಿದ್ದು 2010ರ 'ಪಂಚರಂಗಿ'ಯಲ್ಲಿ. ಪ್ರತಿ ಪದಕ್ಕೂ 'ಗಳು' ಅಂಟಿಸಿ ಆಡುವ ಆ ಭಾಷೆಗೆ ನಾನೂ ನಕ್ಕಿದ್ದೇನೆ, ಹಾಸ್ಟೆಲಿನಲ್ಲಿ ತಿಂಗಳುಗಟ್ಟಲೆ 'ಊಟಗಳು, ತಿಂಡಿಗಳು' ಎಂದು ಆಡಿದ್ದೇನೆ. ಆದರೆ ಅಲ್ಲಿಂದ ಮುಂದೆ ಒಂದು ರೋಗ ಶುರುವಾಯಿತು. ಡ್ರೈವರ್, ಜ್ಯೋತಿಷಿ, ಅಪ್ಪ, ಪ್ರೇಮಿ, ಯಾರೇ ಬಾಯಿ ತೆರೆದರೂ ಬರುವುದು ಭಟ್ಟರ ದನಿಯೇ. 'ಪರಮಾತ್ಮ'ದಲ್ಲಿ ಪುನೀತ್ ರಾಜ್‌ಕುಮಾರ್ ಸಿಕ್ಕರು. ಕಣ್ಣಲ್ಲೇ ಕಥೆ ಹೇಳಬಲ್ಲ ಆ ನಟನ ಬಾಯಿಗೆ ಬದುಕಿನ ಬಗ್ಗೆ ಪ್ರವಚನ ತುರುಕಲಾಯಿತು. 'ಡ್ರಾಮಾ'ದಲ್ಲಿ ಮಂಡ್ಯ ಸೀಮೆಯ ಮಾತಿನ ರುಚಿ ಇತ್ತು, ಯಶ್ ಮತ್ತು ನೀನಾಸಂ ಸತೀಶ್ ಜೋಡಿ ಇತ್ತು. ಅರ್ಧ ದಾರಿ ಚೆನ್ನಾಗಿಯೇ ಹೋದ ಗಾಡಿ ಆಮೇಲೆ ಎತ್ತ ಹೊರಟಿದೆ ಎಂಬುದನ್ನೇ ಮರೆಯಿತು. ಇನ್ನು 2015ರ 'ವಾಸ್ತು ಪ್ರಕಾರ'. ಎಂಥಾ ವಿಷಯ! ವಾಸ್ತು ಸರಿಯಿಲ್ಲವೆಂದು ಗಟ್ಟಿಮುಟ್ಟಾದ ಬಾಗಿಲು ಕಿತ್ತು ಗೋಡೆ ಒಡೆಸುವವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ರಕ್ಷಿತ್ ಶೆಟ್ಟಿ, ಜಗ್ಗೇಶ್, ಅನಂತನಾಗ್ ಮೂವರನ್ನೂ ಇಟ್ಟುಕೊಂಡು ಅದನ್ನೂ ಚಟಾಕಿಯಲ್ಲಿ ಕಳೆದುಬಿಟ್ಟರು.

ಸಿನಿಮಾ ಚೆನ್ನಾಗಿಲ್ಲದಿದ್ದರೆ ನೋಡಬೇಡ, ಇಷ್ಟು ಹೊಟ್ಟೆಯುರಿ ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಭಟ್ಟರ ಹೀರೋ ಕೆಲಸವಿಲ್ಲದ ಹುಡುಗ. ಅವನ ಸೋಮಾರಿತನಕ್ಕೆ ಅವರು ಒಂದು ತತ್ವಶಾಸ್ತ್ರ ಮಾಡಿಕೊಟ್ಟರು. ನಮ್ಮೂರುಗಳಲ್ಲಿ ಡಿಗ್ರಿ ಮುಗಿಸಿ ಅರಳಿಕಟ್ಟೆ ಮೇಲೆ ಕೂತ ನಮ್ಮ ಓರಗೆಯವರಿಗೆ ಆ ತತ್ವ ಹಿತವಾಗಿತ್ತು. ಆದರೆ ತೆರೆಯ ಮೇಲಿನವನ ಸೋಮಾರಿತನಕ್ಕೆ ಅಪ್ಪನ ದುಡ್ಡಿದೆ, ಕಾರಿದೆ, ಕೊನೆಗೆ ಮಳೆಯಲ್ಲಿ ಸಿಗುವ ಹುಡುಗಿಯೂ ಇದ್ದಾಳೆ. ಕಟ್ಟೆಯ ಮೇಲಿನವನ ಸೋಮಾರಿತನದ ಹಿಂದೆ ಸೊಸೈಟಿ ಸಾಲವಿದೆ, ಮೂರನೇ ಸಲ ಬರೆದ ಪಿಡಿಓ ಪರೀಕ್ಷೆ ಇದೆ, ಮಗನ ಮುಖ ನೋಡದೆ ಹೊಲಕ್ಕೆ ಹೋಗುವ ಅಪ್ಪ ಇದ್ದಾನೆ. ಸಿನಿಮಾ ನೋಡಿ ಇವನು ಕೆಟ್ಟ ಅಂತ ನಾನು ಹೇಳುತ್ತಿಲ್ಲ. ಅವನ ಸಂಕಟವನ್ನು ಎರವಲು ತಂದು ಜೋಕು ಮಾಡಿ, ಸಂಕಟವನ್ನು ಅಲ್ಲೇ ಬಿಟ್ಟುಹೋದರು ಅಂತ ಹೇಳುತ್ತಿದ್ದೇನೆ.

ಹಳ್ಳಿಯ ವಿಚಾರದಲ್ಲೂ ಅಷ್ಟೇ. ಮುಂಗಾರು ಅಂದರೆ ನಮಗೆ ರೋಹಿಣಿ, ಮೃಗಶಿರ, ಬಿತ್ತನೆ ಬೀಜದ ಅಂಗಡಿ ಮುಂದಿನ ಸಾಲು. ಆ ಹೆಸರಿನ ಸಿನಿಮಾದಲ್ಲಿ ಬಿತ್ತನೆಯ ಚಿಂತೆಯೇ ಇರಲಿಲ್ಲ. ಇರಲಿ, ಅದು ಪ್ರೇಮಕಥೆ, ಒಪ್ಪಿದೆವು. ಆದರೆ 2016ರಲ್ಲಿ 'ದನ ಕಾಯೋನು' ಎಂದು ಹೆಸರಿಟ್ಟಾಗ ನಿರೀಕ್ಷೆ ಹುಟ್ಟುವುದು ಸಹಜ ತಾನೇ? ಅದು ಕರ್ನಾಟಕದಲ್ಲಿ ಬರದ ವರ್ಷ. ಮೇವಿಲ್ಲದೆ ಜನ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ಕಾಲ. ಸಿನಿಮಾದಲ್ಲಿ ದನಗಳಿಗಿಂತ ಮಾತೇ ಹೆಚ್ಚು ಮೇಯ್ದಿತ್ತು.

ಇದನ್ನು ಬೇರೆ ಯಾರೋ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ಭಟ್ಟರು ಹಾವೇರಿ ಜಿಲ್ಲೆಯಲ್ಲಿ ಬೆಳೆದವರು. ಬಯಲುಸೀಮೆಯ ಬಿಸಿಲು, ಅಲ್ಲಿನ ಭಾಷೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ವೃತ್ತಿರಂಗಭೂಮಿಯ ರಾಜು ತಾಳಿಕೋಟೆ ಅವರನ್ನು 'ಮನಸಾರೆ'ಗೆ ಕರೆತಂದು, ಉತ್ತರ ಕರ್ನಾಟಕದ ಮಾತು ಎಂದರೆ ಬರೀ ಕಾಮಿಡಿ ಪೀಸ್ ಅಲ್ಲ, ಅದರಲ್ಲಿ ಬದುಕು ಹಿಡಿಸುತ್ತದೆ ಎಂದು ತೋರಿಸಿದವರು ಅವರೇ. 2024ರ 'ಕರಟಕ ದಮನಕ'ದಲ್ಲಿ ನೀರಿಲ್ಲದ ಹಳ್ಳಿಯ ಕಡೆಗೇ ಹೋದರು. ಮಳೆಯಿಂದ ಹೆಸರು ಮಾಡಿದ ನಿರ್ದೇಶಕ ಹದಿನೇಳು ವರ್ಷದ ಮೇಲೆ ಬರಕ್ಕೆ ಬಂದನಲ್ಲ ಎಂದು ಖುಷಿಯಾಗಿತ್ತು. ಆದರೆ ಶಿವರಾಜ್‌ಕುಮಾರ್ ಮತ್ತು ಪ್ರಭುದೇವ ಅವರ ಕುಣಿತ, ಕುಚೇಷ್ಟೆಗಳ ಸದ್ದಿನಲ್ಲಿ ಖಾಲಿ ಕೊಡದ ಸದ್ದು ಕೇಳಿಸಲೇ ಇಲ್ಲ. ಆ ಹಳ್ಳಿಯ ಹೆಂಗಸೊಬ್ಬಳು ನೀರಿಗಾಗಿ ಎಷ್ಟು ಹೊತ್ತಿಗೆ ಏಳುತ್ತಾಳೆ, ಎಷ್ಟು ದೂರ ನಡೆಯುತ್ತಾಳೆ ಎಂಬುದರ ಜತೆ ಹತ್ತು ನಿಮಿಷ ನಡೆದಿದ್ದರೂ ಆ ಸಿನಿಮಾ ಬೇರೆಯೇ ಆಗುತ್ತಿತ್ತು.

ಭಟ್ಟರಿಗೆ ತಮ್ಮ ಹಳೆಯ ಗೆಲುವಿನ ನೆನಪು ಬಿಡುತ್ತಿಲ್ಲ ಅನಿಸುತ್ತದೆ. 2022ರಲ್ಲಿ 'ಗಾಳಿಪಟ 2' ಮಾಡಿದರು. ಪವನ್ ಕುಮಾರ್ ವಾಪಸು ಬಂದರು, ಆದರೆ ಕ್ಯಾಮೆರಾ ಮುಂದೆ ನಟನಾಗಿ. ಅವರು ಬೇಕಿದ್ದದ್ದು ಬರೆಯುವ ಮೇಜಿನ ಬಳಿ. ಆ ಸಿನಿಮಾದಲ್ಲಿ ನನಗೆ ನೆನಪುಳಿದದ್ದು ಕನ್ನಡ ಮೇಷ್ಟ್ರಾದ ಅನಂತನಾಗ್ ಮಾತ್ರ. 2025ರ 'ಮನದ ಕಡಲು' ಚಿತ್ರಕ್ಕೆ 'ಮುಂಗಾರು ಮಳೆ'ಯ ನಿರ್ಮಾಪಕ ಇ. ಕೃಷ್ಣಪ್ಪ ಅವರೇ ಮತ್ತೆ ಜತೆಯಾದರು. ನಿರ್ಮಾಪಕರನ್ನು ಮರಳಿ ತರಬಹುದು, ಮಳೆಯನ್ನೂ ತರಬಹುದು. ಸೋಲುವ ಧೈರ್ಯ ಇದ್ದ ಆ ಹುಡುಗನನ್ನು ತರಲಾಗಲಿಲ್ಲ.

ಅಭಿಮಾನಿಗಳು ನನ್ನ ಮೇಲೆ ಬೀಳುವ ಮುಂಚೆ ಒಂದು ಮಾತು. ಭಟ್ಟರು ಮುಗಿದರು ಎಂದು ನಾನು ಹೇಳುತ್ತಿಲ್ಲ. 'ಜಾಕಿ'ಯಲ್ಲಿ ದುನಿಯಾ ಸೂರಿಗಾಗಿ ಬರೆದ ಹಾಡುಗಳನ್ನು ಕೇಳಿ. ಬೇರೆಯವರ ಕಥೆಗೆ ಬರೆಯುವಾಗ ಅವರ ಪದಗಳು ಎಷ್ಟು ಚುರುಕು, ಎಷ್ಟು ಜಾಗ ಅರಿತು ನಡೆಯುತ್ತವೆ! ಕಥೆ ಲಗಾಮು ಹಿಡಿದಾಗ ಅವರ ಕುದುರೆ ಇವತ್ತಿಗೂ ಓಡುತ್ತದೆ.

ಹಾಗಾಗಿ ಕೇಳುವುದು ಇಷ್ಟೇ. ಭಟ್ಟರೇ, ಮುಂದಿನ ಸಿನಿಮಾಕ್ಕೆ ಕೂರುವಾಗ ಪಕ್ಕದಲ್ಲಿ ನಿಮ್ಮ ಜೋಕಿಗೆ ನಗದ ಒಬ್ಬರನ್ನು ಕೂರಿಸಿಕೊಳ್ಳಿ. ಹೆಂಗಸಾದರೆ ಇನ್ನೂ ಒಳ್ಳೆಯದು. ಇಷ್ಟು ವರ್ಷ ನಿಮ್ಮ ನಾಯಕಿಯರು ಕೇಳಿಸಿಕೊಂಡದ್ದೇ ಹೆಚ್ಚು. ಹಾವೇರಿ ಕಡೆಯ ಕಟ್ಟೆಯ ಮೇಲೆ ಕೂತ ಹುಡುಗನೊಬ್ಬನನ್ನು ಹಿಡಿದು ಅವನ ಮನೆಗೆ ಹೋಗಿ. ಅವನಪ್ಪ ಮಾತಾಡುವವರೆಗೆ ಕಾಯಿರಿ. ಟಿಕೆಟ್ ದುಡ್ಡು ನಾವು ಎತ್ತಿಟ್ಟಿರುತ್ತೇವೆ.