ಹೊತ್ತವರ ಹೆಸರೇನು?

ಪೆರು ದೇಶದ ಮಾಚು ಪಿಚುವಿನ ಚಿತ್ರವನ್ನು ನಾವೆಲ್ಲ ಕ್ಯಾಲೆಂಡರುಗಳಲ್ಲಿ ನೋಡಿದ್ದೇವೆ. 15ನೇ ಶತಮಾನದಲ್ಲಿ ಇಂಕಾ ಜನರು ಕಟ್ಟಿದ ಆ ಕಲ್ಲಿನ ಊರಿಗೆ ಹಳೆಯ ಕಾಲುದಾರಿಯಲ್ಲಿ ನಡೆದು ಹೋಗುವವರಿಗೆ ಸಾಮಾನ್ಯವಾಗಿ ನಾಲ್ಕು ದಿನ ಬೇಕು. ಮಾರ್ಗದರ್ಶಿಯಿಲ್ಲದೆ ಯಾರನ್ನೂ ಬಿಡುವುದಿಲ್ಲ. ಸುಮಾರು 4,200 ಮೀಟರ್ ಎತ್ತರ ಹತ್ತಿ ಇಳಿಯಬೇಕು. ಅಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು.

ಆದರೆ ಡೇರೆ, ಪಾತ್ರೆ, ದಿನಸಿ ಹೊತ್ತ ಬೆಟ್ಟದ ಹಳ್ಳಿಗರು ಪ್ರವಾಸಿಗಳಿಗಿಂತ ಮುಂದೆ ಹೋಗಿ ಬಿಡಾರ ಹೂಡಿ ಅಡಿಗೆ ಮಾಡಿರುತ್ತಾರೆ. ಅವರ ಬೆನ್ನಿಗೂ ಒಂದು ಮಿತಿಯುಂಟೆಂದು ಹೇಳಲು ಕಾನೂನೇ ಬೇಕಾಯಿತು: 2001ರಲ್ಲಿ 20 ಕಿಲೋ ಎಂದು ಗೊತ್ತುಮಾಡಲಾಯಿತು.

ಬೆಟ್ಟ ಹತ್ತಿದ ಫೋಟೋ ತೋರಿಸುವಾಗ, ಚೀಲ ಹೊತ್ತವರ ಹೆಸರು ನಮಗೆ ನೆನಪಿರುತ್ತದೆಯೇ? ನಾವು ಎಲ್ಲಿಗೇ ಪ್ರವಾಸ ಹೋಗಲಿ, ಕೂಲಿಗೆ ಚೌಕಾಸಿ ಮಾಡುವ ಮೊದಲು ಆ ಹೊರೆಯನ್ನು ನಾವೇ ಒಮ್ಮೆ ಎತ್ತಿ ನೋಡೋಣ.